ಮಾತೃಕೆಯೊಂದಿರಲಿ, ಪ್ರತಿ ನೂರಾಗಲಿ

ಹೊಳಲ್ಕೆರೆ ಸೀಮೆಯ ಕೆಲವು ತರುಣರು ಈಚೆಗೆ ನಮ್ಮ ಮುಂದೆ ಒಂದು ಸಮಸ್ಯೆಯನ್ನಿಟ್ಟರು. ತಮ್ಮ ಊರಿನ ಇತಿಹಾಸವನ್ನೂ ಹಿರಿಯರ ಕಾಯಕದ ಬದುಕನ್ನೂ ಐದು ನಿಮಿಷಗಳ ವಿಡಿಯೊ ಚಿತ್ರವಾಗಿ ರೂಪಿಸಿ ಜಾತ್ರೆಯಲ್ಲಿ ತೋರಿಸಬೇಕೆಂಬುದು ಅವರ ಸಂಕಲ್ಪ. ಬರೆದುಕೊಟ್ಟ ಮಾತನ್ನು ಚಲಿಸುವ ಚಿತ್ರವಾಗಿಸುವ ಎಐ ಉಪಕರಣಗಳನ್ನು, ಅಂದರೆ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು, ಅವರು ಆಶ್ರಯಿಸಿದರು. ಮನೆಮನೆಯಿಂದ ಕೂಡಿಸಿದ ಹಣ ಅರ್ಧ ನಿಮಿಷದ ಚಿತ್ರ ಮುಗಿಯುವಷ್ಟರಲ್ಲಿ ಕರಗಿಹೋಯಿತು. ಮೊದಲ ತುಣುಕಿನಲ್ಲಿದ್ದ ಅಜ್ಜ ಎರಡನೆಯ ತುಣುಕಿನಲ್ಲಿ ಬೇರೊಬ್ಬನಾದ. ಹೆಗಲ ಮೇಲಿನ ಕರಿಯ ಕಂಬಳಿ ಕೆಂಪು ಶಾಲಾಯಿತು. ಅಡಿಕೆಯ ತೋಟ ಯಾವುದೋ ದೇಶದ ತಾಳೆಯ ತೋಪಾಯಿತು. “ಗುರುಗಳೆ, ದೋಷ ಯಂತ್ರದ್ದೋ, ನಮ್ಮ ಕೈಯದೋ?” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಇಂದು ಹಲವು ಮನೆಗಳದು. ಮಕ್ಕಳ ಶಾಲೆಯ ಕಾರ್ಯಕ್ರಮಕ್ಕೆ, ಮನೆಯ ಹಿರಿಯರ ಸ್ಮರಣೆಗೆ, ಸಂಘದ ವಾರ್ಷಿಕೋತ್ಸವಕ್ಕೆ ಇಂತಹ ಚಿತ್ರಗಳನ್ನು ಮಾಡುವವರು ಹೆಚ್ಚುತ್ತಿದ್ದಾರೆ. ಆದುದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಡುತ್ತಿದ್ದೇವೆ.

ಮೊದಲು ಯಂತ್ರದ ಸ್ವಭಾವವನ್ನು ಅರಿಯಬೇಕು. ಇಂತಹ ಉಪಕರಣವು ಅರ್ಥವಿಲ್ಲದೆ ಚದುರಿದ ಚುಕ್ಕೆಗಳ ರಾಶಿಯಿಂದ ಆರಂಭಿಸುತ್ತದೆ. ತಾನು ಹಿಂದೆ ಕಲಿತ ಅಸಂಖ್ಯ ಚಿತ್ರಗಳ ಆಧಾರದಿಂದ, ನಾವು ಬರೆದುಕೊಟ್ಟ ಮಾತಿಗೆ ಹೊಂದುವಂತೆ, ಆ ರಾಶಿಯನ್ನು ಹಂತಹಂತವಾಗಿ ತಿಳಿಗೊಳಿಸುತ್ತ ಚಿತ್ರವಾಗಿಸುತ್ತದೆ. ಸಾಮಾನ್ಯವಾಗಿ ಒಮ್ಮೆಗೆ ಐದರಿಂದ ಹತ್ತು ಸೆಕೆಂಡಿನ ತುಣುಕು ದೊರೆಯುತ್ತದೆ. ಮುಂದಿನ ತುಣುಕಿಗೆ ಅದು ಮತ್ತೊಂದು ಚುಕ್ಕೆರಾಶಿಯಿಂದ ಹೊಸದಾಗಿ ಹೊರಡುತ್ತದೆ. ಹಿಂದಿನ ತುಣುಕಿನ ಅಜ್ಜನ ನೆನಪು, ನಾವಾಗಿ ಒದಗಿಸದ ಹೊರತು, ಅದಕ್ಕಿಲ್ಲ. “ಒಬ್ಬ ಮುದುಕ” ಎಂದು ಬರೆದರೆ ಲಕ್ಷಾಂತರ ಮುದುಕರಲ್ಲಿ ಯಾರೊಬ್ಬನಾದರೂ ಆ ಮಾತಿಗೆ ಸಲ್ಲುತ್ತಾನೆ. ಯಂತ್ರ ಸುಳ್ಳಾಡಲಿಲ್ಲ, ನಾವು ಹೇಳಬೇಕಾದುದನ್ನು ಹೇಳಿರಲಿಲ್ಲ, ಅಷ್ಟೆ.

ಮಠದ ಗ್ರಂಥಭಂಡಾರಗಳಲ್ಲಿ ತಾಳೆಗರಿಗಳೊಡನೆ ಬದುಕು ಸವೆಸಿದವರಿಗೆ ಈ ತೊಡಕು ಹೊಸದಲ್ಲ. ಒಂದು ಕೃತಿಯನ್ನು ನಕಲು ಮಾಡುವಾಗ ಲಿಪಿಕಾರನ ಎದುರಿಗೆ ಒಂದು ಮೂಲಪ್ರತಿ ಇರುತ್ತದೆ, ಅದೇ ಮಾತೃಕೆ. ಮಾತೃಕೆಯನ್ನು ನೋಡಿ ಮಾಡಿದ ಪ್ರತಿಗಳಲ್ಲಿ ತಪ್ಪು ಅಲ್ಪ. ಪ್ರತಿಯಿಂದ ಪ್ರತಿ, ಆ ಪ್ರತಿಯಿಂದ ಮತ್ತೊಂದು ಪ್ರತಿ ಎಂದು ಸಾಗಿದಾಗ ಒಂದು ಅಕ್ಷರದ ತಪ್ಪು ಮುಂದೆ ಒಂದು ಪದದ ತಪ್ಪಾಗಿ, ಕೊನೆಗೆ ಅರ್ಥವೇ ಬೇರೆಯಾಗುತ್ತದೆ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಾಗ ಅದರ ಹಿಂದೆ ಮನೆಮನೆ ಅಲೆದು ಕೂಡಿಸಿದ ತಾಳೆಗರಿಯ ಕಟ್ಟುಗಳಿದ್ದವು. ಪಾಠವನ್ನು ನಿರ್ಧರಿಸಿಕೊಂಡ ಬಳಿಕ ಮುದ್ರಣ. ಮುದ್ರಣಕ್ಕೆ ಕುಳಿತ ಮೇಲೆ ಪಾಠದ ಹುಡುಕಾಟವಲ್ಲ. ವಿಡಿಯೊ ಚಿತ್ರಕ್ಕೂ ಇದೇ ನ್ಯಾಯ.

ಹಾಗಾದರೆ ಇಲ್ಲಿ ಮಾತೃಕೆ ಯಾವುದು? ಅದಕ್ಕೆ ಎರಡು ಅಂಗಗಳು. ಒಂದು, ಪಾತ್ರದ ಸ್ಥಿರಚಿತ್ರ. ಚಲಿಸುವ ಚಿತ್ರಕ್ಕಿಂತ ಸ್ಥಿರಚಿತ್ರದ ವೆಚ್ಚ ಬಹಳ ಕಡಿಮೆ. ಆದುದರಿಂದ ಹುಡುಕಾಟವೆಲ್ಲ ಸ್ಥಿರಚಿತ್ರದಲ್ಲೇ ಮುಗಿಯಲಿ. ಅಜ್ಜನ ಮುಖ ಎದುರಿನಿಂದ, ಪಕ್ಕದಿಂದ, ಪೂರ್ಣ ನಿಲುವಿನಲ್ಲಿ ಹೇಗಿರಬೇಕೆಂಬುದನ್ನು ನಾಲ್ಕಾರು ಚಿತ್ರಗಳಲ್ಲಿ ನಿಶ್ಚಯಿಸಿ, ಪ್ರತಿಯೊಂದು ತುಣುಕಿಗೂ ಅವನ್ನೇ ಆಕರವಾಗಿ ಕೊಡಬೇಕು. ರನ್‌ವೇ ಎಂಬ ಸಂಸ್ಥೆಯು 2025ರ ಮಾರ್ಚಿನಲ್ಲಿ ಹೊರತಂದ ಜೆನ್-4 ಉಪಕರಣದ ಮುಖ್ಯ ಆಕರ್ಷಣೆಯೇ ಇದು: ಆಕರಚಿತ್ರವನ್ನು ಹಿಡಿದು ಹಲವು ದೃಶ್ಯಗಳಲ್ಲಿ ಒಂದೇ ಮುಖವನ್ನು ಉಳಿಸುವುದು. ಅನಂತರ ಇತರ ಉಪಕರಣಗಳಲ್ಲೂ ಈ ಅನುಕೂಲ ಬಂದಿದೆ.

ಎರಡನೆಯದು, ಪಾತ್ರವನ್ನು ಬಣ್ಣಿಸುವ ಮಾತು. “ಎಪ್ಪತ್ತು ವರ್ಷದ, ಸಣಕಲು ಮೈಯ, ಬಿಳಿಯ ಮೀಸೆಯ ರೈತ, ಹಣೆಯಲ್ಲಿ ವಿಭೂತಿ, ಬಿಳಿಯ ಅಂಗಿ, ಬಿಳಿಯ ಪಂಚೆ, ಎಡಹೆಗಲಲ್ಲಿ ಕರಿಯ ಕಂಬಳಿ” ಎಂದು ಒಮ್ಮೆ ಬರೆದ ಮೇಲೆ, ಎಲ್ಲ ತುಣುಕುಗಳಿಗೂ ಅದೇ ಪದಗಳು, ಅದೇ ಕ್ರಮದಲ್ಲಿ ಇರಬೇಕು. ಒಮ್ಮೆ ‘ರೈತ’, ಮತ್ತೊಮ್ಮೆ ‘ಹಳ್ಳಿಗ’, ಮಗುದೊಮ್ಮೆ ‘ವೃದ್ಧ’ ಎಂದು ಪರ್ಯಾಯಪದಗಳನ್ನು ಬಳಸುವುದು ಪ್ರಬಂಧಕ್ಕೆ ಭೂಷಣ. ಇಲ್ಲಿ ಅದೇ ದೂಷಣ. ಪದ ಬದಲಾದರೆ ಮನುಷ್ಯನೂ ಬದಲಾಗುತ್ತಾನೆ.

ನಮ್ಮ ತೊಗಲುಗೊಂಬೆಯ ಕಲಾವಿದರು ಇದನ್ನು ತಲೆಮಾರುಗಳಿಂದ ಬಲ್ಲರು. ಒಂದೇ ಪಾತ್ರಕ್ಕೆ ಸನ್ನಿವೇಶಕ್ಕೆ ತಕ್ಕಂತೆ ಒಂದಕ್ಕಿಂತ ಹೆಚ್ಚು ಗೊಂಬೆಗಳಿರುವುದುಂಟು. ಆದರೂ ಮೈಬಣ್ಣ, ಕಿರೀಟ, ಆಭರಣಗಳ ಗುರುತಿನಿಂದ ಹಿಂದಿನ ಸಾಲಿನಲ್ಲಿ ಕುಳಿತ ಮಗುವೂ ಇವನೇ ರಾಮನೆಂದು ಹೇಳಬಲ್ಲದು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ಆ ಗೌರವದ ಹಿಂದೆ ಇರುವ ಪರಂಪರೆಯ ಶಿಸ್ತನ್ನು ಕಂಪ್ಯೂಟರ್ ಮುಂದೆ ಕುಳಿತ ತರುಣರೂ ಕಲಿಯಬಹುದು. ಮುಖದ ಸೂಕ್ಷ್ಮ ಯಂತ್ರದ ಕೈಯಲ್ಲಿ ತುಸು ಆಚೀಚೆಯಾದರೂ, ಕರಿಯ ಕಂಬಳಿ, ಬಿಳಿಯ ಮೀಸೆಗಳಂತಹ ಎರಡು ಗಟ್ಟಿ ಗುರುತುಗಳಿದ್ದರೆ ನೋಡುವ ಕಣ್ಣು ಅಜ್ಜನನ್ನು ಕಳೆದುಕೊಳ್ಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಒಂದು ತುಣುಕಿನ ಕೊನೆಯ ಚಿತ್ರವನ್ನೇ ಮುಂದಿನ ತುಣುಕಿನ ಮೊದಲ ಚಿತ್ರವಾಗಿ ಕೊಟ್ಟು ಸರಪಣಿಯಂತೆ ಸಾಗುವುದು ಸುಲಭವೆನಿಸುತ್ತದೆ. ಒಂದೆರಡು ಕೊಂಡಿಗಳವರೆಗೆ ಅದು ಸರಿಯೇ. ಮುಂದೆ ಹೋದಂತೆ ಬಣ್ಣ ಕದಡುತ್ತದೆ, ಮೂಗು ಕಣ್ಣುಗಳು ಮೆಲ್ಲನೆ ಜಾರುತ್ತವೆ. ಇದು ಪ್ರತಿಯಿಂದ ಪ್ರತಿ ಮಾಡುವ ದೋಷವೇ. ಮತ್ತೆ ಮತ್ತೆ ಮಾತೃಕೆಗೆ ಮರಳಬೇಕು.

ಇನ್ನು ತುಣುಕಿನ ಒಳಗಿನ ಕ್ರಿಯೆ. ಅಜ್ಜ ಬಾಗಿಲು ತೆರೆದು, ಹೊರಬಂದು, ಎತ್ತುಗಳಿಗೆ ಹುಲ್ಲು ಹಾಕಿ, ಮೊಮ್ಮಗನನ್ನು ಕರೆದು ನಗುವುದನ್ನು ಎಂಟು ಸೆಕೆಂಡಿನಲ್ಲಿ ಬೇಡಿದರೆ ಯಂತ್ರ ಯಾವುದನ್ನೂ ನೆಟ್ಟಗೆ ಮಾಡದು. ಒಂದು ತುಣುಕಿಗೆ ಒಂದು ಕ್ರಿಯೆ, ಕ್ಯಾಮೆರಾದ ಒಂದು ಚಲನೆ ಸಾಕು. ತುಣುಕುಗಳ ನಡುವೆ ಎತ್ತಿನ ಕೊರಳಗಂಟೆಯನ್ನೋ ಕೆಲಸಮಾಡುವ ಕೈಗಳನ್ನೋ ಹತ್ತಿರದಿಂದ ತೋರಿಸಿದರೆ ಸಣ್ಣಪುಟ್ಟ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ವೆಚ್ಚದ ಮಾತಿಗೆ ಬರೋಣ. ಈ ಉಪಕರಣಗಳಿಗೆ ಹಣ ಸಲ್ಲುವುದು ಸೆಕೆಂಡಿನ ಲೆಕ್ಕದಲ್ಲಿ, ಇಲ್ಲವೆ ‘ಕ್ರೆಡಿಟ್’ ಎಂಬ ಅಂಕಗಳ ಲೆಕ್ಕದಲ್ಲಿ; ಕೆಟ್ಟ ತುಣುಕಿಗೂ ಅಷ್ಟೇ ಬೆಲೆ, ಒಳ್ಳೆಯ ತುಣುಕಿಗೂ ಅಷ್ಟೇ ಬೆಲೆ. ಗೂಗಲ್ ಸಂಸ್ಥೆಯು 2025ರ ಸೆಪ್ಟೆಂಬರಿನಲ್ಲಿ ತಂತ್ರಜ್ಞರಿಗೆ ಒದಗಿಸುವ ವಿಯೋ 3 ಉಪಕರಣದ ದರವನ್ನು ಸೆಕೆಂಡಿಗೆ 75 ಸೆಂಟಿನಿಂದ 40 ಸೆಂಟಿಗೆ, ಅದರ ವೇಗದ ಆವೃತ್ತಿಯ ದರವನ್ನು 40 ಸೆಂಟಿನಿಂದ 15 ಸೆಂಟಿಗೆ ಇಳಿಸಿತು. ದರ ಮುಂದೆಯೂ ಏರಿಳಿಯುತ್ತದೆ. ಲೆಕ್ಕ ಹಾಕುವ ಕ್ರಮ ಮಾತ್ರ ಉಳಿಯುತ್ತದೆ. ಆ ಇಳಿಸಿದ ದರವನ್ನೇ ಹಿಡಿದು ನೋಡಿ. ಐದು ನಿಮಿಷವೆಂದರೆ 300 ಸೆಕೆಂಡು. ಎಂಟು ಸೆಕೆಂಡಿನಂತೆ 38 ತುಣುಕು. ಸಿದ್ಧತೆಯಿಲ್ಲದೆ ಪ್ರತಿಯೊಂದನ್ನೂ ನಾಲ್ಕು ಸಲ ಮಾಡಿಸಿದರೆ 1,216 ಸೆಕೆಂಡು, ಸುಮಾರು 486 ಡಾಲರ್. ಡಾಲರಿಗೆ 90 ರೂಪಾಯಿಯೆಂದು ಹಿಡಿದರೆ ಹತ್ತಿರಹತ್ತಿರ 43,800 ರೂಪಾಯಿ.

ಈಗ ಮತ್ತೊಂದು ಬಗೆಯನ್ನು ನೋಡಿ. 38 ತುಣುಕುಗಳಲ್ಲಿ 18ನ್ನು ಊರಿನಲ್ಲೇ ಮೊಬೈಲಿನಿಂದ ಚಿತ್ರೀಕರಿಸೋಣ. ಯಂತ್ರಕ್ಕೆ ಉಳಿಯುವುದು 20. ಇವನ್ನು ಅಗ್ಗದ ಆವೃತ್ತಿಯಲ್ಲಿ ಎರಡೆರಡು ಸಲ ಪರೀಕ್ಷಿಸಿದರೆ 320 ಸೆಕೆಂಡಿಗೆ 48 ಡಾಲರ್. ಅಂತಿಮವಾಗಿ ಮೇಲುದರದಲ್ಲಿ 20, ಕೆಟ್ಟುಹೋದರೆಂದು ಮತ್ತೈದು, ಒಟ್ಟು 200 ಸೆಕೆಂಡಿಗೆ 80 ಡಾಲರ್. ಎರಡೂ ಕೂಡಿ 128 ಡಾಲರ್, ಅಂದರೆ 11,520 ರೂಪಾಯಿ. ಸುಮಾರು ಕಾಲು ಭಾಗ! ಅಗ್ಗದ ಆವೃತ್ತಿಯಲ್ಲಿ ಕಂಡ ಚಿತ್ರವೇ ಮೇಲಿನ ಆವೃತ್ತಿಯಲ್ಲಿ ಹಾಗೆಯೇ ಬರುವುದಿಲ್ಲವೆಂಬುದು ನಿಜ. ಆದರೆ ಬರೆದ ಮಾತು ಯಂತ್ರಕ್ಕೆ ತಿಳಿಯಿತೇ ಎಂಬುದು ಅಲ್ಲಿ ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ.

ಇದರೊಡನೆ ಒಂದು ನೋಟುಪುಸ್ತಕವಿರಲಿ. ತುಣುಕಿನ ಸಂಖ್ಯೆ, ಬರೆದುಕೊಟ್ಟ ಮಾತು, ಬಳಸಿದ ಆಕರಚಿತ್ರ, ಉಪಕರಣದ ಆವೃತ್ತಿ, ಖರ್ಚು, ಫಲ ಇಷ್ಟನ್ನೂ ಅಲ್ಲಿ ಗುರುತಿಸಬೇಕು. ಆರಂಭದ ಚುಕ್ಕೆರಾಶಿಗೆ ಕೆಲವು ಉಪಕರಣಗಳು ‘ಸೀಡ್’ ಎಂಬ ಸಂಖ್ಯೆಯನ್ನು ತೋರಿಸುತ್ತವೆ, ಅದನ್ನೂ ಬರೆದಿಡಬೇಕು. ಒಂದು ತುಣುಕು ಕೆಟ್ಟಾಗ ಒಂದು ಅಂಶವನ್ನು ಮಾತ್ರ ಬದಲಿಸಿ ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಚಿತ್ರ ಮುಗಿಯುವವರೆಗೆ ಉಪಕರಣದ ಆವೃತ್ತಿಯನ್ನು ಬದಲಿಸದಿರುವುದು ಲೇಸು. ಕಥೆಯೂ ಸ್ಥಿರಚಿತ್ರಗಳೂ ಸಿದ್ಧವಾದ ಮೇಲೆಯೇ ತಿಂಗಳ ಚಂದಾ ಕಟ್ಟಬೇಕು. ಹಲವು ಸಂಸ್ಥೆಗಳಲ್ಲಿ ಈ ತಿಂಗಳು ಉಳಿದ ಕ್ರೆಡಿಟ್ ಮುಂದಿನ ತಿಂಗಳಿಗೆ ಸಲ್ಲುವುದಿಲ್ಲ.

ಯಂತ್ರದಿಂದ ಏನನ್ನು ಮಾಡಿಸಬಾರದು ಎಂಬುದೂ ಮಿತವ್ಯಯದ ಪಾಠವೇ. ಹೊಳಲ್ಕೆರೆಯ ಬಯಲು ಗಣಪತಿ 1475ರಲ್ಲಿ ಗುಲ್ಯಪ್ಪನಾಯಕನು ಮಾಡಿಸಿದ ಮೂರ್ತಿ. ಯಂತ್ರವನ್ನು ಕೇಳಿದರೆ ಎಲ್ಲಿಯದೋ ಗೋಪುರದ ಕೆಳಗೆ ಯಾವುದೋ ಗಣಪತಿಯನ್ನು ಕೂರಿಸೀತು. ನಿಜವಾದ ಮೂರ್ತಿ ನಮ್ಮ ಕಣ್ಣೆದುರಿಗೇ ಇರುವಾಗ ಡಾಲರು ತೆತ್ತು ಹುಸಿಯನ್ನು ಕೊಳ್ಳುವುದೇಕೆ? ಚಿತ್ರದುರ್ಗದ ಏಳುಸುತ್ತಿನ ಕೋಟೆ, ಹಿರಿಯೂರಿನ ಮಾರಿಕಣಿವೆ, ನಮ್ಮ ಅಡಿಕೆ ತೋಟ ಇವೆಲ್ಲಕ್ಕೂ ಇದೇ ಮಾತು. ಕನ್ನಡದ ಅಕ್ಷರಗಳನ್ನೂ ಯಂತ್ರಕ್ಕೆ ಒಪ್ಪಿಸಬೇಡಿ. ಒತ್ತು, ದೀರ್ಘಗಳನ್ನು ಅದು ಕೆಡಿಸುತ್ತದೆ. ಶೀರ್ಷಿಕೆಗಳನ್ನು ಸಂಕಲನದ ಹಂತದಲ್ಲಿ ಸೇರಿಸುವುದು ಮೇಲು. ನಿರೂಪಣೆಗೆ ಊರಿನ ಹಿರಿಯರೊಬ್ಬರ ಧ್ವನಿಗಿಂತ ಮಿಗಿಲಾದುದು ಯಾವುದಿದೆ?

ಪೂರ್ಣ ಪ್ರಮಾಣದ ಪ್ರಯತ್ನವೂ ಕನ್ನಡದಲ್ಲಿ ನಡೆದಿದೆ. ಬೆಂಗಳೂರಿನ ಬಾಗಲಗುಂಟೆಯ ದೇವಾಲಯದ ಅರ್ಚಕರಾದ ನರಸಿಂಹಮೂರ್ತಿಯವರು, ತಂತ್ರಜ್ಞ ನೂತನ್ ಅವರೊಡಗೂಡಿ ಎಐ ಮೂಲಕವೇ ರೂಪಿಸಿದ ‘ಲವ್ ಯು’ ಎಂಬ 95 ನಿಮಿಷಗಳ ಚಿತ್ರ 2025ರಲ್ಲಿ ಸೆನ್ಸಾರ್ ಮಂಡಳಿಯಿಂದ ಯು/ಎ ಪ್ರಮಾಣಪತ್ರ ಪಡೆಯಿತು. ವೆಚ್ಚ ಸುಮಾರು 10 ಲಕ್ಷ ರೂಪಾಯಿ ಎಂದು ಪತ್ರಿಕೆಗಳು ವರದಿ ಮಾಡಿದವು. ಅಂದರೆ ನಿಮಿಷಕ್ಕೆ ಸುಮಾರು 10,500 ರೂಪಾಯಿ. ಇಷ್ಟು ಉದ್ದದ ಚಿತ್ರವನ್ನು ಐದರಿಂದ ಹತ್ತು ಸೆಕೆಂಡಿನ ತುಣುಕುಗಳಿಂದ ಕಟ್ಟಬೇಕಾದರೆ 570ರಿಂದ 1,140 ತುಣುಕುಗಳು ಬೇಕು. ಸಾಮಾನ್ಯ ಚಲನಚಿತ್ರದ ವೆಚ್ಚಕ್ಕೆ ಹೋಲಿಸಿದರೆ ಇದು ಅತ್ಯಲ್ಪ. ಆದರೆ ಅಷ್ಟು ತುಣುಕುಗಳನ್ನು ಆರಿಸಿ ಜೋಡಿಸುವ ಮನುಷ್ಯನ ದುಡಿಮೆ ಅಲ್ಪವೆಂದು ಯಾರೂ ಭಾವಿಸಬಾರದು.

ಕೊನೆಯದಾಗಿ, ಹಣಕ್ಕಿಂತ ದೊಡ್ಡ ವಿಷಯವೊಂದುಂಟು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು 1996ರಲ್ಲಿ ನಮ್ಮನ್ನಗಲಿದರು. ಅವರನ್ನು ಕಂಡವರು, ಅವರಿಂದ ಯೋಗ ಕಲಿತವರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅಂತಹ ಹಿರಿಯರ ಭಾವಚಿತ್ರವನ್ನು ಯಂತ್ರಕ್ಕೆ ಕೊಟ್ಟು, ಅವರು ಆಡದ ಮಾತನ್ನು ಅವರ ಬಾಯಿಂದ ಆಡಿಸುವುದು ಇಂದು ಕೆಲವು ನಿಮಿಷಗಳ ಕೆಲಸ. ಯಾರೋ ರಚಿಸಿದ ಮಾತಿಗೆ ಶರಣರ ಅಂಕಿತವನ್ನು ಅಂಟಿಸಿದ ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸಲು ವಿದ್ವಾಂಸರು ಎಷ್ಟು ಶ್ರಮಪಡಬೇಕಾಯಿತೆಂಬುದನ್ನು ಬಲ್ಲವರು ಇಂತಹ ಕೆಲಸಕ್ಕೆ ಕೈಹಾಕಲಾರರು. ಒಂದೇ ಮುಖ ಎಲ್ಲ ತುಣುಕುಗಳಲ್ಲೂ ತಪ್ಪದೆ ಬರುವಂತಾದಷ್ಟೂ ನೋಡುವವರು ಅದನ್ನು ನಿಜವೆಂದು ನಂಬುತ್ತಾರೆ. ಆದುದರಿಂದ ಕುಶಲತೆ ಹೆಚ್ಚಿದಂತೆ ಹೊಣೆಯೂ ಹೆಚ್ಚುತ್ತದೆ. ಕೃತಕವಾಗಿ ಸೃಷ್ಟಿಸಿದ ದೃಶ್ಯ ಮತ್ತು ಧ್ವನಿಗಳಿಗೆ ಜಾಲತಾಣ ಸಂಸ್ಥೆಗಳು ಗುರುತು ಹಾಕಬೇಕೆಂಬ ಕೇಂದ್ರ ಸರ್ಕಾರದ ನಿಯಮ 2026ರ ಫೆಬ್ರುವರಿ 20ರಿಂದ ಜಾರಿಗೆ ಬಂದಿದೆ. ಜಾತ್ರೆಯ ಪರದೆಗೆ ಕಾನೂನು ಕೇಳಲಿ ಬಿಡಲಿ, “ಈ ದೃಶ್ಯಗಳು ಎಐ ಸಹಾಯದ ಕಲ್ಪನೆ” ಎಂಬ ಒಂದು ಸಾಲನ್ನು ಚಿತ್ರದ ಆರಂಭದಲ್ಲೇ ಕನ್ನಡದಲ್ಲಿ ತೋರಿಸುವುದು ಸಜ್ಜನಿಕೆ.

ನಮ್ಮ ತರುಣರಿಗೆ ನಾವು ಹೇಳಿದ್ದು ಇಷ್ಟು: ಇನ್ನು ಹದಿನೈದು ದಿನ ಯಂತ್ರವನ್ನು ಮುಟ್ಟಬೇಡಿ. ಮೊದಲು ಐದು ನಿಮಿಷದ ಕಥೆಯನ್ನು ಕಾಗದದ ಮೇಲೆ ಬರೆಯಿರಿ, ಊರಿನ ಹಿರಿಯರಿಗೆ ಓದಿ ಹೇಳಿ ತಿದ್ದಿಸಿಕೊಳ್ಳಿರಿ, ಅಜ್ಜನ ಮುಖವನ್ನು ಸ್ಥಿರಚಿತ್ರದಲ್ಲಿ ನಿಶ್ಚಯಿಸಿರಿ, ಊರಿನಲ್ಲಿ ದೊರೆಯುವುದನ್ನೆಲ್ಲ ನೀವೇ ಚಿತ್ರೀಕರಿಸಿರಿ. ಉಳಿದುದಕ್ಕೆ ಮಾತ್ರ ಹಣ ಕಟ್ಟಿರಿ. ಜಾತ್ರೆ ಮುಗಿದ ಮರುದಿನ, ಕೊಟ್ಟವರೆಲ್ಲರ ಮುಂದೆ ಆ ನೋಟುಪುಸ್ತಕವನ್ನು ತೆರೆದಿಡಿರಿ. ಒಂದೊಂದು ತುಣುಕಿಗೂ ತಗುಲಿದ ಖರ್ಚು ಅದರಲ್ಲಿರಲಿ.