ಗೋಡೆಯ ಪಾಚಿಯ ವಿಷಯವಾಗಿ

ನಮ್ಮ ಶಾಲೆಯ ಬಡಗಣ ಗೋಡೆಯು ಪ್ರತಿ ಮಳೆಗಾಲದಲ್ಲಿಯೂ ಹಸುರಾಗುವುದನ್ನು ಕಂಡು, ಪೋಷಕರಲ್ಲಿ ಕೆಲವರು ಅದನ್ನು ಆಸಿಡ್ಡಿನಿಂದ ತೊಳೆಯಿಸಿ ಪ್ಲಾಸ್ಟಿಕ್ ಬಣ್ಣ ಹೊಡೆಯಿಸಬೇಕೆಂದು ಸಲಹೆಯಿತ್ತಿರುವರು. ಪೂರ್ವ ವಿದ್ಯಾರ್ಥಿನಿಯರು ಇದಕ್ಕಾಗಿ ಹಣವನ್ನೂ ಕೂಡಿಸತೊಡಗಿರುವರು. ಅವರ ಪ್ರೀತಿಗೆ ನಾವು ಋಣಿಗಳಾಗಿದ್ದೇವೆ. ಆದರೂ ಈ ಸಲಹೆಯನ್ನು ನಾವು ಒಪ್ಪಲಾರೆವು; ಕಾರಣವನ್ನು ಅರಿಕೆ ಮಾಡುವೆವು.

ಈ ಪಾಚಿಗೆ ಬೇರಿಲ್ಲ. ಬರಿಗಣ್ಣಿಗೆ ಕಾಣದ ಒಂದೊಂದು ಕಣವೂ ತಾನೇ ಒಂದು ಪೂರ್ಣ ಜೀವಿಯಾಗಿ ಬಾಳಬಲ್ಲುದು. ಗಾಳಿಯೂ ಮಳೆಹನಿಯೂ ಇವನ್ನು ಗೋಡೆಗೆ ತಂದು ಹಾಕುವವು. ನುಣುಪಾದ ಒಣ ಮೈಯಲ್ಲಿ ಇವಕ್ಕೆ ನೆಲೆ ಸಿಕ್ಕುವುದು ಕಷ್ಟ. ಒರಟು ಮೈಯ ಕುಳಿಗಳಲ್ಲಿ ತೇವವು ದೊರೆತರೆ ಮಾತ್ರ, ತಮ್ಮ ಸುತ್ತ ಲೋಳೆಯಂಥ ದ್ರವ್ಯವನ್ನು ಸ್ರವಿಸಿ ಅದರಿಂದಲೇ ಅಂಟಿಕೊಳ್ಳುವವು. ಆ ಲೋಳೆಯು ನೀರನ್ನೂ ಧೂಳನ್ನೂ ಹಿಡಿದಿಡುವುದರಿಂದ ಹಿಂದೆ ಬರುವ ಕಣಗಳಿಗೂ ಅದೇ ಆಶ್ರಯವಾಗುವುದು. ಬೇಸಗೆಯಲ್ಲಿ ಒಣಗಿ ಸತ್ತಂತೆ ಬಿದ್ದಿರುವ ಪಾಚಿಯು ಮೊದಲ ಮಳೆಗೆ ಮರಳಿ ಹಸುರೇರುವುದು ಹೀಗೆ. ಹೊಸ ಸುಣ್ಣದ ಗೋಡೆಗೆ ಇದು ಬೇಗನೆ ಹತ್ತದಿರುವುದು ಸುಣ್ಣದ ಕ್ಷಾರಗುಣದಿಂದ. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಆ ಗುಣವು ತಗ್ಗಿದ ಮೇಲೆ ತಡೆಯೂ ತಗ್ಗುವುದು.

ಹೊಸಪೇಟೆಯ ಸೀಮೆಯು ಮಲೆನಾಡಲ್ಲ. ಇಲ್ಲಿ ಗೋಡೆಯು ಹಸುರಾದರೆ ಅಲ್ಲಿ ನೀರು ಬಿಡದೆ ಇಳಿಯುತ್ತಿದೆಯೆಂದೇ ತಿಳಿಯತಕ್ಕದ್ದು. ಹಂಪೆಗೆ ಹೋದವರು ಬಂಡೆಗಳ ಮೇಲಿನ ಕಪ್ಪು ಪಟ್ಟೆಗಳನ್ನು ನೋಡಿರಬಹುದು. ಮಳೆನೀರು ಹರಿಯುವ ಜಾಡಿನಲ್ಲಿ ನೀಲಹಸುರು ಜೀವಿಗಳು ನೆಲೆಸಿ ಬರೆದ ಗೆರೆಗಳವು. ನಮ್ಮ ಗೋಡೆಯ ಹಸುರೂ ಸೂರಿನ ಒಡೆದ ಕೊಳವೆಯ ನೇರ ಕೆಳಗಿನಿಂದಲೇ ಆರಂಭವಾಗಿದೆ!

ಇನ್ನು ಆಸಿಡ್ಡಿನ ಮಾತು. ಗಾರೆಯೆಂಬುದು ಗಟ್ಟಿಯಾದ ಸುಣ್ಣ. ಆಸಿಡ್ ಸೋಕಿದೊಡನೆ ಅದು ಬುರುಗೆದ್ದು ಕರಗುವುದು; ಮೈಯೆಲ್ಲ ಕುಳಿಬಿದ್ದು, ಬರುವ ವರ್ಷದ ಪಾಚಿಗೆ ಇನ್ನೂ ಒಳ್ಳೆಯ ಮನೆಯಾಗುವುದು. ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ಒಳಗಿನ ತೇವವು ಹೊರಹೋಗಲಾರದೆ ಪದರಗಳು ಎದ್ದುಬರುವವು. ಕಮಲಮಹಲೂ, ವಿರೂಪಾಕ್ಷ ಗೋಪುರದ ಮೇಲಂತಸ್ತುಗಳೂ ಇಟ್ಟಿಗೆ ಗಾರೆಗಳವೇ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಹಂಪೆಯಲ್ಲಿ ಯಾರಾದರೂ ಆಸಿಡ್ ಸುರಿಯಹೋದರೆ ನಾವೆಲ್ಲರೂ ಕೂಗಾಡುವೆವು. ಬಡ ಶಾಲೆಯ ಗೋಡೆಗೆ ಬೇರೆ ನ್ಯಾಯವೇಕೆ?

ಆದಕಾರಣ ಕೂಡಿರುವ ಹಣವನ್ನು ಮೊದಲು ಕೊಳವೆಯ ದುರಸ್ತಿಗೂ, ಗೋಡೆಗೆ ನೆರಳು ಕವಿದಿರುವ ಕೊಂಬೆಗಳನ್ನು ಸವರಿಸುವುದಕ್ಕೂ ವೆಚ್ಚಮಾಡಲು ಅನುಮತಿ ಬೇಡುವೆವು. ಬಳಿಕ ಮೃದುವಾದ ಕುಂಚದಿಂದ ನೀರು ಹಾಕಿ ಉಜ್ಜಿಸಿ, ಗೋಡೆ ಆರಿದ ಮೇಲೆ ಸುಣ್ಣ ಬಳಿಸೋಣ. ಎರಡು ಮಳೆಗಾಲ ಕಳೆದರೂ ಹಸುರು ಹಾಗೆಯೇ ಇದ್ದರೆ ಬಣ್ಣದ ಮಾತನ್ನು ಮತ್ತೆ ಎತ್ತಬಹುದು.