ದೊನ್ನೆ ಹೊಲಿದ ಹಾಗೆ ದೋಣಿ

ಮನೆಯಲ್ಲೇ ಪ್ಲೈವುಡ್ ದೋಣಿ ಮಾಡಿಕೊಳ್ಳೋದರ ಬಗ್ಗೆ ಆಫೀಸಿನ ಊಟದ ಟೇಬಲ್ಲಿನಲ್ಲಿ ಮಾತು ತೆಗೆದರೆ ಎರಡೇ ಥರದ ಉತ್ತರ ಬರುತ್ತೆ. ಒಂದು, "ಅದೆಲ್ಲ ದೊಡ್ಡ ಗ್ಯಾರೇಜ್ ಇರೋ ಫಾರಿನ್ನಿನವರ ಶೋಕಿ ಮಾರಾಯಾ." ಇನ್ನೊಂದು, "ಆಚಾರಿಗೆ ಹೇಳಿದ್ರೆ ಮಾಡಿಕೊಡ್ತಾನೆ, ನೀನ್ಯಾಕೆ ಕೈ ಕೊಯ್ಕೋತೀಯ?" ಎರಡೂ ತಪ್ಪು ಅನ್ನೋದು ನನ್ನ ವಾದ. ಸ್ವಲ್ಪ ಉದ್ದದ ವಾದ, ಕಾಫಿ ತಗೊಂಡು ಬನ್ನಿ :-)

ಮೊದಲು ಪ್ಲೈವುಡ್ಡಿನ ಸ್ವಭಾವ. ಕಡಲೆಕಾಯಿ ಪೊಟ್ಟಣ ಕಟ್ಟೋ ಕಾಗದ ನೋಡಿ. ಅದನ್ನು ಶಂಕುವಿನ ಹಾಗೆ ಸುತ್ತಬಹುದು, ಆದರೆ ಬಟ್ಟಲಿನ ಹಾಗೆ ಬಾಗಿಸೋಕೆ ಹೋದರೆ ಸುಕ್ಕಾಗುತ್ತೆ, ಇಲ್ಲಾ ಹರಿಯುತ್ತೆ. ಪ್ಲೈವುಡ್ ಹಾಳೆಯೂ ಅಷ್ಟೇ, ಒಂದು ಕಡೆಗೆ ಮಾತ್ರ ಬಾಗುತ್ತೆ. ಹಾಗಾಗಿ ಹಳೇ ಕಾಲದ ದುಂಡು ಹೊಟ್ಟೆಯ ದೋಣಿ ಇದರಲ್ಲಿ ಬರೋಲ್ಲ. ಬದಲಿಗೆ ಹಾಳೆಗಳನ್ನು ಲೆಕ್ಕ ಹಾಕಿ ಕತ್ತರಿಸಿ ಅಂಚಿಗೆ ಅಂಚು ಕೂಡಿಸಬೇಕು. ಎಲೆ ಬಾಗಿಸಿ, ಕಡ್ಡಿ ಚುಚ್ಚಿ ದೊನ್ನೆ ಮಾಡ್ತೀವಲ್ಲ, ಅದೇ ಕೆಲಸ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಟಿಚ್ ಅಂಡ್ ಗ್ಲೂ ಅಂತಾರೆ, ಹೊಲಿದು ಅಂಟಿಸೋದು.

ನಕ್ಷೆಯಲ್ಲಿ ಪ್ರತಿ ಹಾಳೆಗೂ ಅಳತೆಯ ಬಿಂದುಗಳು ಇರ್ತವೆ, ಹೈಸ್ಕೂಲಿನ ಗ್ರಾಫ್ ಥರಾನೇ. ಬಿಂದುಗಳನ್ನು ಸೇರಿಸಿ ಗೆರೆ ಎಳೆದು ಗರಗಸದಲ್ಲಿ ಕತ್ತರಿಸಬೇಕು. ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ, ಇಕ್ಕಳದಲ್ಲಿ ತಿರುಚುತ್ತಾ ಹೋದರೆ, ಚಪ್ಪಟೆಯಾಗಿ ಬಿದ್ದಿದ್ದ ಹಲಗೆಗಳು ಎದ್ದು ದೋಣಿಯ ಆಕಾರಕ್ಕೆ ಬರ್ತವೆ. ಆಮೇಲೆ ಎಪಾಕ್ಸಿಗೆ ಮರದ ಪುಡಿ ಕಲಸಿ ಒಳಮೂಲೆಗಳಿಗೆ ಮೆತ್ತಿ, ಮೇಲೆ ಗಾಜಿನ ನಾರಿನ ಪಟ್ಟಿ ಅಂಟಿಸಬೇಕು. ಅದು ಗಟ್ಟಿಯಾದ ಮೇಲೆ ಹೊರಗೆ ಉಳಿದ ತಂತಿ ಕತ್ತರಿಸಿ, ಆ ಕಡೆಯೂ ಪಟ್ಟಿ. ನುಣ್ಣಗೆ ಕೀಲು ಕೂಡಿಸೋ ಮರಗೆಲಸದ ಪ್ರಾವೀಣ್ಯ ಎಲ್ಲೂ ಬೇಕಾಗಿಲ್ಲ.

ಇದನ್ನು ಜನಪ್ರಿಯ ಮಾಡಿದ್ದು ಇಂಗ್ಲೆಂಡಿನ ಮಿರರ್ ಅನ್ನೋ ಪುಟ್ಟ ಹಾಯಿದೋಣಿ. ಡೈಲಿ ಮಿರರ್ ಪತ್ರಿಕೆಯ ಪ್ರಾಯೋಜಕತ್ವದಲ್ಲಿ 1963ರಲ್ಲಿ ಹೊರಬಂತು. ವಿನ್ಯಾಸ ಇಬ್ಬರದು: ಜಾಕ್ ಹೋಲ್ಟ್ ದೋಣಿ ಬಲ್ಲವರು, ಬ್ಯಾರಿ ಬಕ್ನೆಲ್ ಬಿಬಿಸಿ ಟೀವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದವರು. ಹನ್ನೊಂದಡಿಗೆ ಎರಡಿಂಚು ಕಮ್ಮಿ ಉದ್ದ, ಬರೀ ಒಡಲಿನ ತೂಕ 45 ಕೆಜಿ ಚಿಲ್ಲರೆ, ಅಂದ್ರೆ ಇಬ್ಬರು ಎತ್ತಿ ಕಾರಿನ ಮೇಲೆ ಇಡಬಹುದು. ಮೂತಿ ಮೊಂಡು. ಹಾಯಿಮರವನ್ನು ಎರಡು ಗಿಡ್ಡ ತುಂಡು ಮಾಡಿದ್ದು ಅದೂ ದೋಣಿಯ ಜೊತೆಗೇ ಸಾಗಲಿ ಅಂತ. ಇಲ್ಲಿವರೆಗೆ 70 ಸಾವಿರಕ್ಕೂ ಹೆಚ್ಚು ಮಿರರ್‌ಗಳು ತಯಾರಾಗಿವೆ, ಬಹಳಷ್ಟು ಮನೆಗಳಲ್ಲೇ.

ನನಗೆ ಇಲ್ಲಿ ಇಷ್ಟವಾಗೋದು ಆ ಮೊಂಡು ಮೂತಿ. ಚೂಪು ಮೂತಿ ಚೆಂದ, ಆದರೆ ಹೊಸಬನಿಗೆ ಕೂಡಿಸೋದು ಕಷ್ಟ. ಕಟ್ಟುವವನಿಗೆ ಏನೂ ಬರೋಲ್ಲ ಅನ್ನೋದನ್ನೇ ಆ ಇಬ್ಬರು ವಿನ್ಯಾಸದ ಮೊದಲ ನಿಯಮ ಮಾಡಿಕೊಂಡರು, ಕಷ್ಟವನ್ನೆಲ್ಲ ತಮ್ಮ ಡ್ರಾಯಿಂಗ್ ಬೋರ್ಡಿನ ಮೇಲೆ ಎಳೆದುಕೊಂಡರು. ನಮ್ಮ ಸಾಫ್ಟ್‌ವೇರಿನಲ್ಲಿ ನಡೆಯೋದು ಇದರ ಉಲ್ಟಾ. ನಮ್ಮ ಸೋಮಾರಿತನವನ್ನೆಲ್ಲ ಬಳಸುವವರ ತಲೆಗೆ ಕಟ್ಟಿ "ಯೂಸರ್ ಮ್ಯಾನ್ಯುಯಲ್ ಓದಿಲ್ವಾ?" ಅಂತೀವಿ.

"ಫಾರಿನ್ ಶೋಕಿ" ಅನ್ನೋರಿಗೆ ಒಂದು ಉತ್ತರ ಕೇರಳದಲ್ಲಿದೆ. ಅಲ್ಲಿನ ಕೆಟ್ಟುವಳ್ಳಂ ಹೆಸರೇ ಹೇಳುತ್ತೆ, ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ದೋಣಿ ಅಂತ. ನಮ್ಮ ಕಾರವಾರದಲ್ಲೇ 2025ರ ಮೇ ತಿಂಗಳಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಕೂಡ ಹೊಲಿದ ಹಡಗೇ, ಕೇರಳದ ಕುಶಲಕರ್ಮಿಗಳ ಕೈಕೆಲಸ. ಇನ್ನೊಂದು ಉತ್ತರ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿದೆ. ಪಿಯರ್ ಜಿಲೆ ಅನ್ನೋ ಬೆಲ್ಜಿಯಂನ ಪಾದ್ರಿ 1980ರ ದಶಕದಲ್ಲಿ ಇದೇ ಹೊಲಿದು ಅಂಟಿಸುವ ಕ್ರಮದಲ್ಲಿ ಮೀನುಗಾರರಿಗೆ ಪ್ಲೈವುಡ್ ದೋಣಿ ಮಾಡಿಸಿದರು. ಕಟ್ಟುಮರಕ್ಕೆ ಬೇಕಾದ ದಿಮ್ಮಿ ತುಟ್ಟಿಯಾಗಿ, ಸಿಗೋದೂ ಕಷ್ಟವಾಗಿದ್ದ ಕಾಲ ಅದು. ಮೀನುಗಾರರ ಸಹಕಾರಿ ಒಕ್ಕೂಟದ ದೋಣಿ ಕಟ್ಟೆಗಳೂ ಆಮೇಲೆ ಅದೇ ಕೆಲಸ ಮಾಡಿದವು. ಅಲೆಯಲ್ಲಿ ಇಳಿದು ಹೊಟ್ಟೆ ಹೊರೆಯೋ ಜನ ಅವರು, ವೀಕೆಂಡ್ ಹವ್ಯಾಸದವರಲ್ಲ.

ನನಗೆ ಈ ಹುಚ್ಚು ಹಿಡಿದಿದ್ದು ಮಾತ್ರ ಸಮುದ್ರದಿಂದ ಅಲ್ಲ, ಶರಾವತಿಯಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನಮ್ಮ ಸಾಗರ ತಾಲ್ಲೂಕಿನ ಎಷ್ಟೋ ಹಳ್ಳಿಗಳಿಗೆ ನೀರೇ ಬೇಲಿಯಾಯ್ತು. ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆ ಬಂತು, ಸಂತೋಷ. ಆದರೆ ಸೇತುವೆ ಇರೋದು ಒಂದು ಕಡೆ, ಹಿನ್ನೀರಿನ ಕೈಗಳು ನೂರಾರು ಕಡೆ. ಆಚೆ ದಡದ ಗದ್ದೆಗೆ, ನೆಂಟರ ಮನೆಗೆ, ಮೀನಿಗೆ ಅಂತ ಜನ ಈಗಲೂ ತೆಪ್ಪವನ್ನೇ ನಂಬಿದ್ದಾರೆ. ತೆಪ್ಪ ಮಗುಚಿದ ಸುದ್ದಿ ಪೇಪರಿನ ಒಳಪುಟದಲ್ಲಿ ಓದಿದಾಗಲೆಲ್ಲ ನನಗೆ ಹೊಳೆಯೋದು ಒಂದೇ: ಮಿರರ್‌ನಲ್ಲಿರೋ ಗಾಳಿಪೆಟ್ಟಿಗೆ.

ಲೆಕ್ಕ ನೋಡಿ. ಎಂಟು ಅಡಿಗೆ ನಾಲ್ಕು ಅಡಿಯ ಒಂದು ಇಡೀ ಹಾಳೆಯನ್ನೇ ತಳ ಮಾಡಿದರೆ ಅದರ ವಿಸ್ತೀರ್ಣ ಸುಮಾರು 3 ಚದರ ಮೀಟರ್. ನೆಟ್ಟಗಿನ ಗೋಡೆಯ ಆ ಡಬ್ಬಿ ನೀರಲ್ಲಿ 10 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಹತ್ತಿರ ಹತ್ತಿರ 300 ಕೆಜಿ ಹೊತ್ತಿರುತ್ತೆ, ದೋಣಿಯ ತೂಕವೂ ಸೇರಿ. ಇನ್ನು ಹಿಂದೆ ಮುಂದೆ ಕೂರುವ ಮಣೆಗಳ ಕೆಳಗೆ ನಾಲ್ಕಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆ ಮಾಡಿ ಗಾಳಿಯಾಡದಂತೆ ಮುಚ್ಚಿದರೆ ಎರಡೂ ಸೇರಿ 220 ಲೀಟರ್ ದಾಟುತ್ತೆ. ದೋಣಿಯೊಳಗೆ ನೀರು ತುಂಬಿದರೂ ಅದು ಮುಳುಗೋಲ್ಲ, ಬಿದ್ದವರಿಗೆ ಹಿಡಿದುಕೊಳ್ಳೋಕೆ ಒಂದು ಆಸರೆ ಸಿಗುತ್ತೆ. ಇದಕ್ಕೆ ಬೇಕಾಗೋದು ಇನ್ನೊಂದರ್ಧ ಹಾಳೆ ಪ್ಲೈವುಡ್, ಒಂದಿಷ್ಟು ಎಪಾಕ್ಸಿ. (ಲೈಫ್ ಜಾಕೆಟ್ ಆಮೇಲೂ ಬೇಕೇ ಬೇಕು, ಅದರಲ್ಲಿ ಚೌಕಾಸಿ ಇಲ್ಲ. ಜಲಾಶಯ ಯಾರ ಅಧೀನದಲ್ಲಿದೆಯೋ ಅವರ ಅನುಮತಿಯೂ ಕೇಳಬೇಕು.)

"ಫೈಬರ್ ದೋಣಿ ತಗೊಂಡ್ರೆ ಆಯ್ತಲ್ಲ" ಅಂತ ನೀವು ಕೇಳಬಹುದು. ದುಡ್ಡಿದ್ದರೆ ತಗೊಳ್ಳಿ. ಆದರೆ ಫೈಬರಿಗೆ ಅಚ್ಚು ಬೇಕು, ನೂರು ದೋಣಿ ತೆಗೆಯೋರಿಗೆ ಅಚ್ಚಿನ ಖರ್ಚು ಗಿಟ್ಟುತ್ತೆ. ಒಂದೇ ಒಂದು ಬೇಕಾದವನಿಗೆ ಪ್ಲೈವುಡ್ಡೇ ಸರಿ. ಅಗ್ಗ ಅಂತ ಮಾತ್ರ ನಾನು ಹೇಳೋಲ್ಲ. ಒಳ್ಳೆ ಮರೈನ್ ಪ್ಲೈ, ಅಂದ್ರೆ ಐಎಸ್ 710 ಮುದ್ರೆ ಇರೋದು, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನೋ ಪರೀಕ್ಷೆ ಪಾಸಾದ ಮಾಲು, ಅದರ ರೇಟು ಕೇಳಿ ಎದೆ ಹಿಡ್ಕೋಬೇಡಿ. ಎಪಾಕ್ಸಿಯೂ ಸೋವಿ ಅಲ್ಲ. ನಮ್ಮ ಏಪ್ರಿಲ್ ಸೆಕೆಗೆ ಅದು ಡಬ್ಬಿಯಲ್ಲೇ ಬಿಸಿಯಾಗಿ ಹೊಗೆ ಬಂದು ಕಲ್ಲಾಗಬಹುದು, ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿ ಅಗಲ ತಟ್ಟೆಗೆ ಹರಡಿಕೊಳ್ಳಬೇಕು. ಗ್ಲೌಸ್ ಹಾಕದೆ ಮುಟ್ಟಿದರೆ ಚರ್ಮಕ್ಕೆ ಅಲರ್ಜಿ ಅಂಟಿಕೊಳ್ಳಬಹುದು. ಅಂಚಿಗೆ ಸರಿಯಾಗಿ ಲೇಪ ಕೊಡದಿದ್ದರೆ ನೀರು ಒಳಗೆ ಇಳಿದು ಕೊಳೆಯೋಕೆ ಶುರು.

ಇನ್ನು "ಆಚಾರಿಗೆ ಹೇಳು" ಅನ್ನೋ ಮಾತು. ಆಚಾರಿಯ ಮೇಲಿನ ಗೌರವದಿಂದ ಈ ಮಾತು ಬರೋದಾದರೆ ನನ್ನ ತಕರಾರಿಲ್ಲ. ಅದು ಬರೋದು ಕೈಕೆಲಸ ನಮ್ಮಂಥವರದಲ್ಲ ಅನ್ನೋ ಹಳೇ ಠೇಂಕಾರದಿಂದ. ಎಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪ್ ನೆನಪಿಸಿಕೊಳ್ಳಿ. ಕಬ್ಬಿಣದ ತುಂಡು ಉಜ್ಜಿ ಉಜ್ಜಿ ಚೌಕ ಮಾಡಬೇಕಾದ ಕಡೆ, ಸೀನಿಯರ್‌ಗಳ ಹಳೇ ತುಂಡಿಗೆ ಹೊಸ ಹೊಳಪು ಕೊಟ್ಟು ಒಪ್ಪಿಸಿದವರೇ ಹೆಚ್ಚು ನಮ್ಮ ಬ್ಯಾಚಿನಲ್ಲಿ. ನಾಲ್ಕು ವರ್ಷ ಮುಗಿದು ಡಿಗ್ರಿ ಸಿಕ್ಕಾಗ, ಬಲ್ಬ್ ಹೋಲ್ಡರ್ ಬದಲಾಯಿಸೋಕೂ ಎಲೆಕ್ಟ್ರಿಷಿಯನ್ನಿಗೆ ಫೋನು! ತಾನೇ ಕಟ್ಟಿದ ದೋಣಿ ಎಲ್ಲಿ ಸೋರುತ್ತೆ ಅನ್ನೋದು ಕಟ್ಟಿದವನಿಗೆ ಗೊತ್ತಿರುತ್ತೆ, ಅವನೇ ಮುಚ್ಚುತ್ತಾನೆ. ರಸ್ತೆಯೂ ಸರಿ ಇಲ್ಲದ ದಡದಲ್ಲಿ ಅದೇ ದೊಡ್ಡ ಅನುಕೂಲ.

ಹಾಗಾದ್ರೆ ಏನು ಅಡ್ಡಿ? ಪ್ಲೈವುಡ್ ಸಾಗರದಲ್ಲೂ ಸಿಗುತ್ತೆ. ತಂತಿ, ಗರಗಸ, ಡ್ರಿಲ್ ಎಲ್ಲ ಇದೆ. ನಾನು ನೋಡಿದ ನಕ್ಷೆಗಳೆಲ್ಲ ಅಡಿಯಿಂದ ಮುಡಿವರೆಗೆ ಇಂಗ್ಲಿಷು, ಅದೂ ಹಡಗುಕಟ್ಟೆಯ ಇಂಗ್ಲಿಷು. ಪಿಯುಸಿ ಓದಿದ ಹಿನ್ನೀರಿನ ಹುಡುಗ ತಾನೇ ಓದಿ, ತಾನೇ ಅಳೆದು ಕತ್ತರಿಸುವಂಥ ಕನ್ನಡದ ನಕ್ಷೆ ಒಂದು ಬೇಕು. ಮೊಂಡು ಮೂತಿಯ, ಗಾಳಿಪೆಟ್ಟಿಗೆಯ, ನಾಲ್ಕೈದು ಹಾಳೆಯ ದೋಣಿ. ದಡದ ಹತ್ತಿರ ಮೊಣಕಾಲುದ್ದ ನೀರಲ್ಲಿ ಬೇಕಂತಲೇ ನೀರು ತುಂಬಿ, ಒಳಗೆ ಕೂತು ಪರೀಕ್ಷೆ ಮಾಡೋದು ಹೇಗೆ ಅನ್ನೋದೂ ಅದರಲ್ಲೇ ಇರಬೇಕು.

ಅಳತೆಗಳ ಕೆಲಸ ನಾನು ಶುರು ಮಾಡಿದ್ದೀನಿ, ಸದ್ಯಕ್ಕೆ ಹತ್ತನೇ ಒಂದು ಅಳತೆಯ ರಟ್ಟಿನ ಮಾದರಿ ಮೇಜಿನ ಮೇಲಿದೆ. ಕುಂದಾಪುರ, ಹೊನ್ನಾವರ, ಕಾರವಾರ ಕಡೆಯ ಬ್ಲಾಗಿಗರ ಹತ್ತಿರ ಒಂದು ಕೇಳಿಕೆ. ತಳದ ಹಲಗೆ ಪಕ್ಕದ ಹಲಗೆಯನ್ನು ಸೇರುವ ಆ ಮೂಲೆಗೆ, ಬಾಯಿಯ ಸುತ್ತ ಬಡಿಯುವ ಪಟ್ಟಿಗೆ, ಹಿಂಬದಿಯ ಅಡ್ಡ ಹಲಗೆಗೆ ನಿಮ್ಮೂರಿನಲ್ಲಿ ದೋಣಿ ಕಟ್ಟೋರು ಏನಂತಾರೆ ಅಂತ ಕೇಳಿ ಬರೆದು ಕಳಿಸ್ತೀರಾ? ನಕ್ಷೆಯ ಮೇಲೆ ಡಿಕ್ಷನರಿಯ ಪದ ಬೇಡ, ಅವರ ಬಾಯಿಂದ ಬಂದಿದ್ದೇ ಬೇಕು.