ಭಕ್ತಿ ದೇವರಿಗಿರಲಿ, ತಕ್ಕಡಿ ಮತಕ್ಕಿರಲಿ



ಪಂಚಗಂಗಾವಳಿಯ ಒಂದು ದಡದಲ್ಲಿ ಕುಂದಾಪುರ, ಎದುರು ದಡದಲ್ಲಿ ಗಂಗೊಳ್ಳಿ. ಒಂದೇ ನೀರು, ಒಂದೇ ಕಡಲು, ಒಂದೇ ಕುಂದಗನ್ನಡ. ಈ ದಡದ ಮಗಳು ಆ ದಡದ ಸೊಸೆ. ಆದರೆ 2024ರ ಲೋಕಸಭಾ ಚುನಾವಣೆಯಲ್ಲಿ ಈ ದಡದವರು ಏಪ್ರಿಲ್ 26ರಂದು ಮತ ಹಾಕಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರು. ಆ ದಡದವರು ಮೇ 7ರವರೆಗೆ ಕಾಯಬೇಕಾಯಿತು. ಕುಂದಾಪುರವು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಗಂಗೊಳ್ಳಿಯನ್ನು ಒಳಗೊಂಡ ಬೈಂದೂರು ವಿಧಾನಸಭಾ ಕ್ಷೇತ್ರವು ಶಿವಮೊಗ್ಗಕ್ಕೆ ಸೇರಿದೆ. 2008ರ ಕ್ಷೇತ್ರ ಮರುವಿಂಗಡಣೆಯು ಎಳೆದ ಗೆರೆಯಿದು. ಅದೇ ಗೆರೆ ಬ್ರಹ್ಮಾವರ ವಿಧಾನಸಭಾ ಕ್ಷೇತ್ರವನ್ನು ಅಳಿಸಿ, ಅದರ ಊರುಗಳನ್ನು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿಬಿಟ್ಟಿತು. 2004ರ ಚುನಾವಣೆಯವರೆಗೆ ಈ ಮೂರೂ ಪ್ರದೇಶಗಳು ಉಡುಪಿ ಎಂಬ ಒಂದೇ ಲೋಕಸಭಾ ಕ್ಷೇತ್ರದಲ್ಲಿದ್ದವು ಎಂಬುದು ಹಿರಿಯರಿಗೆ ನೆನಪಿರಬಹುದು.

ಗೆರೆ ಎಳೆದವರನ್ನು ದೂರುವುದು ಈ ಬರಹದ ಉದ್ದೇಶವಲ್ಲ. ಎರಡು ಕ್ಷೇತ್ರಗಳಾಗಿ ಒಡೆದ ನಾಡಿನಲ್ಲಿ ಮತದಾರನು ತನ್ನ ಮತವನ್ನು ಹೇಗೆ ತೂಗಬೇಕು ಎಂಬುದೇ ಇಲ್ಲಿಯ ಪ್ರಶ್ನೆ. ಚುನಾವಣೆ ಸಮೀಪಿಸಿದಾಗ "ಯಾರಿಗೆ ಮತ?" ಎಂದು ಕೇಳಿ ನೋಡಿರಿ. ಬರುವ ಉತ್ತರಗಳು ಸಾಮಾನ್ಯವಾಗಿ ಎರಡೇ. ಒಂದು, ದೆಹಲಿಯ ನಾಯಕರೊಬ್ಬರ ಹೆಸರು. ಇನ್ನೊಂದು, ಪಕ್ಷದ ಚಿಹ್ನೆ. ಅಭ್ಯರ್ಥಿಯ ಹೆಸರನ್ನು ಹೇಳುವವರು ವಿರಳ. "ಅಭ್ಯರ್ಥಿ ಯಾರಾದರೇನು?" ಎಂಬ ಮಾತು ಅಭಿಮಾನದ ಮಾತೆಂಬಂತೆ ಎಲ್ಲ ಪಕ್ಷಗಳವರ ಬಾಯಲ್ಲೂ ಕೇಳಿಬರುತ್ತದೆ. ಈ ಮಾತಿನಲ್ಲಿಯೇ ದೋಷವಿದೆ ಎಂಬುದು ನಮ್ಮ ವಿನಮ್ರ ಅಭಿಪ್ರಾಯ.

ಭಕ್ತಿಯನ್ನು ಕುರಿತು ದಿನವೂ ಚಿಂತಿಸುವ ನಮಗೆ ಅದರ ಸ್ವರೂಪವು ತಿಳಿಯದ್ದಲ್ಲ. ಭಕ್ತಿಯೆಂದರೆ ಅರ್ಪಣೆ. ಅರ್ಪಿಸಿದವನು ರಸೀದಿ ಕೇಳುವುದಿಲ್ಲ, ಲೆಕ್ಕ ಕೇಳುವುದಿಲ್ಲ. ಆದುದರಿಂದಲೇ ಅದು ದೇವರಿಗೆ ಮಾತ್ರ ಸಲ್ಲತಕ್ಕದ್ದು. ಮತವಾದರೋ ಅರ್ಪಣೆಯಲ್ಲ, ಐದು ವರ್ಷಗಳ ಅವಧಿಗೆ ಒಬ್ಬರ ಕೈಗೆ ಒಪ್ಪಿಸುವ ಹೊಣೆ. ಒಪ್ಪಿಸಿದವನಿಗೆ ಲೆಕ್ಕ ಕೇಳುವ ಹಕ್ಕಿದೆ. ಪಡೆದವನಿಗೆ ಲೆಕ್ಕ ಕೊಡುವ ಕರ್ತವ್ಯವಿದೆ. 1949ರ ನವೆಂಬರ್ 25ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಇದೇ ಎಚ್ಚರಿಕೆಯನ್ನು ಕೊಟ್ಟರು. ಧರ್ಮದಲ್ಲಿ ಭಕ್ತಿಯು ಆತ್ಮದ ಬಿಡುಗಡೆಗೆ ದಾರಿಯಾಗಬಹುದು, ಆದರೆ ರಾಜಕೀಯದಲ್ಲಿ ವ್ಯಕ್ತಿಪೂಜೆಯು ಅವನತಿಗೂ ಸರ್ವಾಧಿಕಾರಕ್ಕೂ ದಾರಿ ಎಂಬುದು ಅವರ ಮಾತಿನ ತಾತ್ಪರ್ಯ. ಭಕ್ತಿಮಾರ್ಗದಲ್ಲಿರುವವರು ಈ ಮಾತನ್ನು ಉಳಿದೆಲ್ಲರಿಗಿಂತ ಮೊದಲು ಒಪ್ಪಬೇಕು. ಏಕೆಂದರೆ ಭಕ್ತಿಯ ಬೆಲೆ ಬಲ್ಲವರು ಅದನ್ನು ಸಿಕ್ಕವರಿಗೆಲ್ಲ ಸುರಿಯಲಾರರು.

ಈ ದೋಷವು ಯಾವುದೋ ಒಂದು ಪಕ್ಷದ್ದು, ಯಾವುದೋ ಒಂದು ಕಾಲದ್ದು ಎಂದು ತಿಳಿಯುವುದು ಬೇಡ. ಇಂದು ನಮ್ಮೊಂದಿಗೆ ಒಂದೇ ಕ್ಷೇತ್ರದಲ್ಲಿರುವ ಚಿಕ್ಕಮಗಳೂರಿನ ಕಥೆಯನ್ನೇ ನೋಡೋಣ. 1978ರಲ್ಲಿ ಅಲ್ಲಿಯ ಸಂಸದರು ರಾಜೀನಾಮೆ ಕೊಟ್ಟು ಶ್ರೀಮತಿ ಇಂದಿರಾ ಗಾಂಧಿಯವರಿಗೆ ಕ್ಷೇತ್ರವನ್ನು ತೆರವು ಮಾಡಿದರು. ನವೆಂಬರಿನ ಉಪಚುನಾವಣೆಯಲ್ಲಿ ಅವರು ಶ್ರೀ ವೀರೇಂದ್ರ ಪಾಟೀಲರನ್ನು ಸೋಲಿಸಿದರು. ದೇಶವೇ ಚಿಕ್ಕಮಗಳೂರಿನತ್ತ ತಿರುಗಿ ನೋಡಿತು. ಆದರೆ ಡಿಸೆಂಬರ್ ಕಳೆಯುವುದರೊಳಗೆ ಲೋಕಸಭೆಯು ಅವರ ಸದಸ್ಯತ್ವವನ್ನು ರದ್ದುಪಡಿಸಿತು. 1980ರಲ್ಲಿ ಅವರು ಸ್ಪರ್ಧಿಸಿದ್ದು ರಾಯ್‌ಬರೇಲಿ ಮತ್ತು ಮೇದಕ್‌ನಿಂದ. ಚಿಕ್ಕಮಗಳೂರಿಗೆ ಕೀರ್ತಿ ಬಂತು, ನಿಜ. ಆದರೆ ಕಾಫಿ ಬೆಳೆಗಾರನ ಮಾತನ್ನೂ ತೋಟದ ಕಾರ್ಮಿಕನ ಮಾತನ್ನೂ ದೆಹಲಿಯಲ್ಲಿ ಹೇಳುವವರು ಯಾರು ಉಳಿದರು? ಅಂದು ಒಬ್ಬರ ಹೆಸರಿನಲ್ಲಿ ಆದದ್ದು ಇಂದು ಇನ್ನೊಬ್ಬರ ಹೆಸರಿನಲ್ಲಿ ಆಗಬಾರದೆಂದೇನೂ ಇಲ್ಲ.

ಹಾಗೆಂದು ನಮ್ಮ ಕರಾವಳಿಯ ಮತದಾರನಿಗೆ ತೂಗಿ ನೋಡಲು ಬಾರದು ಎನ್ನುವಂತಿಲ್ಲ. 1999 ಮತ್ತು 2004ರಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ ನಡೆಯಿತು. ಬ್ರಹ್ಮಾವರದ ಜನ ಎರಡೂ ಬಾರಿ ಪಕ್ಷೇತರರಾಗಿ ನಿಂತ ಶ್ರೀ ಕೆ. ಜಯಪ್ರಕಾಶ್ ಹೆಗ್ಡೆಯವರನ್ನು ವಿಧಾನಸಭೆಗೆ ಕಳಿಸಿದರು. ಅದೇ ಸಮಯದಲ್ಲಿ ಉಡುಪಿ ಲೋಕಸಭಾ ಕ್ಷೇತ್ರವನ್ನು ಮೊದಲ ಬಾರಿ ಕಾಂಗ್ರೆಸ್, ಎರಡನೆಯ ಬಾರಿ ಭಾರತೀಯ ಜನತಾ ಪಕ್ಷ ಗೆದ್ದವು. ಕುಂದಾಪುರದಲ್ಲಿ ಶ್ರೀ ಹಾಲಾಡಿ ಶ್ರೀನಿವಾಸ ಶೆಟ್ಟಿಯವರು 2013ರಲ್ಲಿ ಪಕ್ಷವನ್ನು ಬಿಟ್ಟು ನಿಂತಾಗಲೂ ಜನ ಅವರ ಕೈಬಿಡಲಿಲ್ಲ. ಅಂದರೆ ಚಿಹ್ನೆಯ ಹಿಂದಿರುವ ಮನುಷ್ಯನನ್ನು ನೋಡುವ ಕಣ್ಣು ನಮಗಿದೆ. ದೆಹಲಿಯ ಚುನಾವಣೆ ಬಂದಾಗ ಮಾತ್ರ ಆ ಕಣ್ಣನ್ನು ಮುಚ್ಚಿಕೊಳ್ಳುತ್ತೇವೆ.

ಚಿಹ್ನೆಯನ್ನೇ ನಂಬಿ ಕೂರುವುದಾದರೂ ಎಷ್ಟು ಸರಿ? 2012ರ ಉಪಚುನಾವಣೆಯಲ್ಲಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರವನ್ನು ಕಾಂಗ್ರೆಸ್ಸಿನಿಂದ ಗೆದ್ದ ಶ್ರೀ ಹೆಗ್ಡೆಯವರು 2014ರಲ್ಲಿ ಸುಮಾರು 1.81 ಲಕ್ಷ ಮತಗಳಿಂದ ಸೋತರು. ಮುಂದೆ ಭಾಜಪವನ್ನು ಸೇರಿ, 2024ರಲ್ಲಿ ಕಾಂಗ್ರೆಸ್ಸಿಗೆ ಮರಳಿ ಅಭ್ಯರ್ಥಿಯಾದರು. ಕಾಂಗ್ರೆಸ್ಸಿನವರಾಗಿದ್ದೂ 2019ರಲ್ಲಿ ಜಾತ್ಯತೀತ ಜನತಾದಳದ ಚಿಹ್ನೆಯಿಂದ ಸ್ಪರ್ಧಿಸಿ ಸೋತ ಶ್ರೀ ಪ್ರಮೋದ್ ಮಧ್ವರಾಜರು 2022ರಲ್ಲಿ ತಮ್ಮನ್ನು ಸೋಲಿಸಿದ ಪಕ್ಷವನ್ನೇ ಸೇರಿದರು. ಇವರನ್ನು ನಿಂದಿಸಲು ಇದನ್ನು ಹೇಳುತ್ತಿಲ್ಲ. ಅವರವರ ನಡೆಗೆ ಅವರವರ ಕಾರಣಗಳಿರಬಹುದು. ನಾಯಕರು ಇಷ್ಟು ಸುಲಭವಾಗಿ ದಾಟುವ ಬೇಲಿಗಾಗಿ ಅಣ್ಣತಮ್ಮಂದಿರು ಮಾತು ಬಿಡುವುದು, ನೆರೆಹೊರೆಯವರು ಮದುವೆಮನೆಗೆ ಹೋಗದಿರುವುದು ಎಂಥ ಅವಿವೇಕ ಎಂಬುದಷ್ಟೇ ನಮ್ಮ ಪ್ರಶ್ನೆ.

ಹಾಗಾದರೆ ತೂಗುವುದು ಹೇಗೆ? ಪಕ್ಷ, ನಾಯಕ, ಅಭ್ಯರ್ಥಿ ಈ ಮೂವರನ್ನೂ ಬೇರೆ ಬೇರೆಯಾಗಿಯೇ ತಕ್ಕಡಿಗೆ ಹಾಕಬೇಕು.

ಪಕ್ಷಕ್ಕೆ ತೂಕವಿದೆ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಸಂಸದನು ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಮಸೂದೆಗಳ ವಿಷಯದಲ್ಲಿ ನಾವು ಆರಿಸುವುದು ಬಹುಮಟ್ಟಿಗೆ ಪಕ್ಷವನ್ನೇ. ನಾಯಕನಿಗೂ ತೂಕವಿದೆ, ಲೋಕಸಭೆಯ ಬಹುಮತವೇ ಪ್ರಧಾನಿ ಯಾರೆಂಬುದನ್ನು ನಿರ್ಧರಿಸುತ್ತದೆ. ಆದರೆ ಪ್ರಶ್ನೆ ಕೇಳುವುದು, ಸ್ಥಾಯಿ ಸಮಿತಿಯಲ್ಲಿ ವಾದಿಸುವುದು, ಮಂತ್ರಿಗಳ ಬಾಗಿಲಿಗೆ ನಮ್ಮ ಕಡತವನ್ನು ಒಯ್ಯುವುದು, ವರ್ಷಕ್ಕೆ 5 ಕೋಟಿ ರೂಪಾಯಿಗಳ ಕ್ಷೇತ್ರಾಭಿವೃದ್ಧಿ ನಿಧಿಗೆ ಕಾಮಗಾರಿಗಳನ್ನು ಸೂಚಿಸುವುದು, ಇವುಗಳಿಗೆ ಯಾವ ವಿಪ್ಪೂ ಅಡ್ಡಬರುವುದಿಲ್ಲ. ಇವು ಅಭ್ಯರ್ಥಿಯ ಕಾಯಕ. ಬೈಂದೂರಿನವರಿಗಂತೂ ಈ ಮಾತು ಪ್ರಾಣವಾಯುವಿನಂತೆ. ಶಿವಮೊಗ್ಗ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಏಳು ಘಟ್ಟದ ಮೇಲಿನವು. ಕಡಲನ್ನು ಮುಟ್ಟುವುದು ಬೈಂದೂರು ಒಂದೇ. ದೋಣಿಯ, ಬಲೆಯ, ಕಡಲ್ಕೊರೆತದ ಮಾತನ್ನು ಏಳರ ನಡುವೆ ಒಂದಾಗಿ ಎತ್ತಬೇಕಾದರೆ ಅಭ್ಯರ್ಥಿ "ಯಾರಾದರೇನು" ಎಂದರೆ ನಡೆದೀತೇ?

ಕೇಳುವ ಪ್ರಶ್ನೆಯೂ ಸರಿಯಾದ ವಿಳಾಸಕ್ಕೆ ಹೋಗಬೇಕು. ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಯೂ ರೈಲು ನಿಲುಗಡೆಯೂ ಕೇಂದ್ರದ ವಿಷಯಗಳು. ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಲ್ಲಿ ಮೊದಲ ಸಲ, 2024ರ ಜುಲೈಯಲ್ಲಿ ಆರನೆಯ ಸಲ ಹೊರಟದ್ದು ಕೇಂದ್ರ ಸರ್ಕಾರದಿಂದಲೇ. ಘಟ್ಟದ ತಪ್ಪಲಿನ ರೈತನ ಆತಂಕವೂ ಕಾಡಿನ ಅಳಿವು ಉಳಿವೂ ಅದರಲ್ಲಿ ಸೇರಿವೆ. ಅಭ್ಯರ್ಥಿಯ ನಿಲುವೇನೆಂದು ಬರವಣಿಗೆಯಲ್ಲಿ ಕೇಳಬೇಕು. ವಾರಾಹಿಯ ನೀರು ಗದ್ದೆಗೆ ಬಾರದಿದ್ದರೆ, ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ಮುಚ್ಚಿ ಕಬ್ಬು ಬೆಳೆಗಾರ ಕೈಬಿಟ್ಟಿದ್ದರೆ, ಆ ಪ್ರಶ್ನೆಯನ್ನು ಮೊದಲು ಬೆಂಗಳೂರಿಗೆ ಕೇಳಬೇಕು. ಎಲ್ಲವನ್ನೂ ಎಲ್ಲರಿಗೂ ಕೇಳಿದರೆ ಯಾರೂ ಉತ್ತರಿಸಬೇಕಾಗಿ ಬರುವುದಿಲ್ಲ. ಇದೇ ರಾಜಕಾರಣಿಗಳಿಗೆ ಅನುಕೂಲ.

ಉತ್ತರವನ್ನು ಪರೀಕ್ಷಿಸುವುದೂ ಇಂದು ಕಷ್ಟವಲ್ಲ. ಸಂಸದರ ಹಾಜರಿ, ಕೇಳಿದ ಪ್ರಶ್ನೆಗಳು, ಆಡಿದ ಮಾತುಗಳು ಲೋಕಸಭೆಯ ಜಾಲತಾಣದಲ್ಲಿ ದೊರೆಯುತ್ತವೆ. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ಅವರನ್ನು ಬೇರೆ ಅಳತೆಯಿಂದ ನೋಡಬೇಕು. ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾಭ್ಯಾಸ, ಮೊಕದ್ದಮೆಗಳ ವಿವರವುಳ್ಳ ಪ್ರಮಾಣಪತ್ರವು ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ಫಲವಾಗಿ ಎಲ್ಲರಿಗೂ ಲಭ್ಯ. ನಮ್ಮ ಕಡೆ ಕೋಣ ಕೊಳ್ಳುವವನು ಸುಳಿ ನೋಡುತ್ತಾನೆ, ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಸಂತೆಯಲ್ಲಿ ತೆಂಗಿನಕಾಯಿಯನ್ನು ಸಹ ಕುಲುಕದೆ ಕೊಳ್ಳುವುದಿಲ್ಲ. ಐದು ವರ್ಷಗಳ ಪ್ರತಿನಿಧಿಯನ್ನು ಮಾತ್ರ ಪಟ ನೋಡಿ ಆರಿಸುವುದೇ? ಶರಣರು ಮನುಷ್ಯನನ್ನು ಅಳೆದದ್ದು ನುಡಿಯೊಡನೆ ನಡೆಯನ್ನಿಟ್ಟು. ಅದಕ್ಕಿಂತ ಒಳ್ಳೆಯ ಅಳತೆಗೋಲು ಈ ಕಾಲದಲ್ಲಿಯೂ ಬಂದಿಲ್ಲ.

ಇನ್ನು ನಮ್ಮ ಮನೆಯ ಮಾತನ್ನೂ ಆಡಬೇಕು. ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರೂ ಮಠ-ಮಂದಿರಗಳ ಮೆಟ್ಟಿಲು ಹತ್ತುತ್ತಾರೆ. ಬಂದವರಿಗೆಲ್ಲ ಪ್ರಸಾದವುಂಟು, ಆಶೀರ್ವಾದವುಂಟು. ಆದರೆ ಭಕ್ತರ ಮತವನ್ನು ಕಟ್ಟಿ ಕೊಡುವ ಅಧಿಕಾರವು ಯಾವ ಮಠಕ್ಕೂ, ಯಾವ ಜಾತಿಯ ಸಂಘಕ್ಕೂ ಇಲ್ಲ. ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಯಾಚಿಸುವುದು ಚುನಾವಣಾ ಭ್ರಷ್ಟಾಚಾರವೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿಯಲ್ಲಿ ತೀರ್ಪು ನೀಡಿದೆ. ಕಾನೂನಿನ ಭಯದಿಂದಲ್ಲ, ಆತ್ಮಸಾಕ್ಷಿಯಿಂದಲೇ ನಾವು ಅದನ್ನು ಪಾಲಿಸಬೇಕಲ್ಲವೇ? ಗುರುವಿನ ಮುಂದೆ ತಲೆ ಬಾಗಿಸಿದವನು ಮತಯಂತ್ರದ ಮುಂದೆ ತಲೆ ಎತ್ತಿಯೇ ನಿಲ್ಲಬೇಕು. ಅಲ್ಲಿ ಅವನೂ ಅವನ ಅಂತರಂಗವೂ ಇಬ್ಬರೇ.

"ನನ್ನ ಒಂದು ಮತದಿಂದ ಏನಾದೀತು? ಉಡುಪಿ-ಚಿಕ್ಕಮಗಳೂರಿನಲ್ಲಿ ಗೆಲುವಿನ ಅಂತರ 2019ರಲ್ಲಿ ಸುಮಾರು 3.49 ಲಕ್ಷ, 2024ರಲ್ಲಿ ಸುಮಾರು 2.59 ಲಕ್ಷ ಇತ್ತಲ್ಲ" ಎಂದು ಕೆಲವರು ಕೇಳಬಹುದು. ಒಪ್ಪೋಣ. ಅಂತರ ದೊಡ್ಡದಾದಷ್ಟೂ ಗೆದ್ದವರಿಗೆ ನಮ್ಮ ಭಯ ಕಡಿಮೆಯಾಗುತ್ತದೆ, ಸೋತವರಿಗೆ ನಮ್ಮ ಮೇಲಿನ ಆಸೆ ಕಡಿಮೆಯಾಗುತ್ತದೆ. ಹಾಗೆ ಎರಡೂ ಕಡೆಯವರು ನಮ್ಮನ್ನು ಲೆಕ್ಕಕ್ಕೆ ಹಿಡಿಯದ ಸ್ಥಿತಿಯಲ್ಲಿಯೇ ತೂಗಿ ಹಾಕುವ ಮತದಾರನ ಅಗತ್ಯ ಹೆಚ್ಚು. ತೂಗಿ ನೋಡಿದ ಮೇಲೆ ನೀವು ಹಿಂದಿನ ಪಕ್ಷಕ್ಕೇ ಮತ ಹಾಕಿರಿ, ಅಡ್ಡಿಯಿಲ್ಲ. ತೂಗದೆ ಹಾಕಿದ ಮತಕ್ಕೂ ತೂಗಿ ಹಾಕಿದ ಮತಕ್ಕೂ ಯಂತ್ರದಲ್ಲಿ ಭೇದವಿಲ್ಲ. ಮರುದಿನ ಪ್ರಶ್ನೆ ಕೇಳುವ ಧೈರ್ಯದಲ್ಲಿ ಭೇದವಿದೆ.

ಅವಧಿ ಪೂರ್ಣಗೊಂಡರೆ ಮುಂದಿನ ಲೋಕಸಭಾ ಚುನಾವಣೆ 2029ರಲ್ಲಿ ಬರುತ್ತದೆ. ತಕ್ಕಡಿಯನ್ನು ಕೊನೆಯ ಹದಿನೈದು ದಿನಗಳ ಅಬ್ಬರದಲ್ಲಿ ಹುಡುಕಿದರೆ ಸಿಗಲಾರದು. ಇಂದಿನಿಂದಲೇ ಒಂದು ಪುಟದಲ್ಲಿ ಬರೆದಿಡೋಣ: ಏನು ಹೇಳಿದರು, ಏನು ಮಾಡಿದರು, ಏನು ಉಳಿಯಿತು. ಪಂಚಗಂಗಾವಳಿಯ ಎರಡೂ ದಡದವರು ಆ ಪುಟಗಳನ್ನು ಪರಸ್ಪರ ತೋರಿಸಿಕೊಳ್ಳಲಿ. ಸಂಸದರು ಇಬ್ಬರಾದರೂ ಕೇಳುವ ಜನ ಒಂದೇ ಎಂಬುದು ದೆಹಲಿಗೆ ತಿಳಿಯಲಿ.